ಹತ್ತಿ ಬೆಳೆಯದ ಕುಮಟೆಗೆ ‘ಕುಮಟಾ ಹತ್ತಿ’ ಹೆಸರು ಹೇಗೆ?

ಪ್ರಶ್ನೆ: ಮುಂಬೈನ ಹಳೇ ವ್ಯಾಪಾರದ ಕಾಗದಗಳಲ್ಲಿ ‘ಕುಮಟಾ ಹತ್ತಿ’ ಅಂತ ಬರ್ತದೆ. ನಮ್ಮ ಕರಾವಳಿಯಲ್ಲಿ ಭತ್ತ, ತೆಂಗು ಬಿಟ್ಟರೆ ಹತ್ತಿ ಎಲ್ಲಿತ್ತು? ಆ ಪೇಟೆ ಬಿದ್ದದ್ದು ಯಾಕೆ?

ಉತ್ತರ 1: ಬೆಳೆ ಧಾರವಾಡ ಸೀಮೆಯದು, ಹೆಸರು ಮಾತ್ರ ಬಂದರಿನದು. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಬಂದ ಮಾಲು ಇಲ್ಲಿಂದ ಹಡಗಲ್ಲಿ ಮುಂಬೈಗೆ. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ದರ ಗಗನಕ್ಕೇರಿತು. ಆದರೆ ಕುಮಟೆಯದು ತೆರೆದ ಕಡಲು; ಮಳೆಗಾಲ ಹಿಡಿಯಿತೆಂದರೆ ಸಾಗಣೆ ಬಂದ್. ಮುಂಗಾರಿಗೆ ಮುಂಚೆ ಘಟ್ಟ ಇಳಿಯದ ಮಾಲು ಅಲ್ಲೇ ಬಾಕಿ.

ಉತ್ತರ 2: ಬೀಜ ಬಿಡಿಸೋದೂ ಸುಲಭ ಇರಲಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸರಳನ್ನು ಹೆಂಗಸರು ಕಾಲಿಂದ ಉರುಳಿಸುತ್ತಿದ್ದರು. ನಿಧಾನ, ಆದರೆ ಎಳೆ ಹರಿಯದು. ಗರಗಸದ ಜಿನ್ (ಗರಗಸದ ಹಲ್ಲಿನಿಂದ ಬೀಜ ಬಿಡಿಸುವ ಯಂತ್ರ) ಅಮೆರಿಕನ್ ತಳಿಗೆ ಸರಿ. ಕುಮಟಾ ಹತ್ತಿಯ ಗಿಡ್ಡ ಎಳೆಯನ್ನು ಅದು ಕತ್ತರಿಸಿಬಿಡುತ್ತಿತ್ತು. ಕಲಬೆರಕೆಯ ಕಾಟವಂತೂ ಕೇಳಬೇಡಿ. ಮುಂಬೈ ಸರಕಾರ 1863ರಲ್ಲಿ ಅದಕ್ಕೇ ಕಾಯಿದೆ ತಂದಿತು.

ಉತ್ತರ 3: ಪೇಟೆ ಬೀಳಿಸಿದ್ದು ಮುಖ್ಯವಾಗಿ ರೈಲು. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಗೋವಾದ ಮುರಗಾಂವ್ ಬಂದರಿಗೆ ಹಳಿ ಬಿತ್ತು. ಘಟ್ಟ ಇಳಿಯುವ ಎತ್ತಿನ ಗಾಡಿಗೆ ಇನ್ನೇನು ಕೆಲಸ?