ಇರಜನನ್ನು ಉಳಿಸಿದ ಒಪೆರಾ

(ಮನೆಯವರ ಗುಂಪಿಗೆ ಚಿತ್ರಾ ಒಂದು ಹಾಡಿನ ತುಣುಕು ಕಳಿಸಿದ್ದಾಳೆ.)

ಚಿತ್ರಾ: ಎಲ್ಲರೂ ಪೂರ್ತಿ ಕೇಳಿ, ತುಣುಕು ನಾಲ್ಕೇ ನಿಮಿಷ ಇದೆ. ‘ಓಜ್‌ಸೋಯ್’ ಅಂತ. ಟರ್ಕಿ ಗಣರಾಜ್ಯದ ಮೊದಲ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. 1934ರ ಜೂನ್ 19ರಂದು ಅಂಕಾರಾದಲ್ಲಿ ಮೊದಲ ಪ್ರದರ್ಶನ ಆಯಿತು. ಸಂಗೀತ ಬರೆದವರು ಅಹ್ಮದ್ ಅದ್ನಾನ್ ಸಾಯ್ಗುನ್, ಆಗ ಅವರಿಗೆ 26 ವರ್ಷ. ಕಥೆಯ ಬೇರು ಪರ್ಷಿಯನ್ ಮಹಾಕಾವ್ಯ ಶಾಹ್‌ನಾಮೆಯಲ್ಲಿದೆ. ಬೆಳಿಗ್ಗೆಯಿಂದ ಮೂರು ಸಲ ಕೇಳಿದೆ.

ಸುಧಾ ಚಿಕ್ಕಮ್ಮ: ಮಾತು ಒಂದೂ ಗೊತ್ತಾಗಲಿಲ್ಲ ಕಣೇ, ಆದರೂ ಗಂಟಲು ಕಟ್ಟಿತು. ಕಥೆ ಏನು?

ಚಿತ್ರಾ: ಫೆರಿದೂನ್ ರಾಜನಿಗೆ ಅವಳಿ ಮಕ್ಕಳು ಹುಟ್ಟುತ್ತಾರೆ, ತೂರ್ ಮತ್ತು ಇರಜ್. ಅಹ್ರಿಮಾನ್ ಅಂತ ಒಂದು ಕೆಟ್ಟ ಶಕ್ತಿ, ಅದು ಇಬ್ಬರನ್ನೂ ದೂರ ಮಾಡುತ್ತದೆ. ತೂರ್‌ನಿಂದ ತುರ್ಕರು, ಇರಜ್‌ನಿಂದ ಇರಾನಿನವರು. ಅಂದರೆ ಇಬ್ಬರೂ ಒಂದೇ ತಾಯಿಯ ಮಕ್ಕಳು ಅನ್ನುವುದೇ ಒಪೆರಾದ ತಿರುಳು.

ದೊಡ್ಡಪ್ಪ: ಚಿತ್ರಾ, ಶಾಹ್‌ನಾಮೆಯ ಕಥೆ ಹೀಗಿಲ್ಲ. ನಾನು ಗದ್ಯದಲ್ಲಿ ಎರಡು ಸಲ ಓದಿದ್ದೇನೆ. ಫೆರಿದೂನನಿಗೆ ಅವಳಿ ಇಲ್ಲ, ಮೂವರು ಗಂಡುಮಕ್ಕಳು: ಸಲ್ಮ್, ತೂರ್, ಇರಜ್. ರಾಜ್ಯ ಹಂಚುವಾಗ ಸಲ್ಮನಿಗೆ ಪಡುವಣ ನಾಡು, ತೂರನಿಗೆ ಮಧ್ಯ ಏಷ್ಯಾದ ಕಡೆಯ ತುರಾನ್ ಮತ್ತು ಚೀನಾದ ಕಡೆ, ಕಿರಿಯವನಿಗೆ ಇರಾನ್. ಅಣ್ಣಂದಿರಿಗೆ ಹೊಟ್ಟೆ ಉರಿಯಿತು. ಇರಜ್ ದಂಡು ಕಟ್ಟಿಕೊಳ್ಳದೆ ಬರಿಗೈಯಲ್ಲಿ ಅವರ ಹತ್ತಿರ ಹೋದ, ಈ ರಾಜ್ಯವೇ ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಎಂದ. ತೂರ್ ತಾನು ಕುಳಿತಿದ್ದ ಚಿನ್ನದ ಪೀಠವನ್ನೇ ಎತ್ತಿ ತಮ್ಮನ ತಲೆಗೆ ಹೊಡೆದ, ಆಮೇಲೆ ಕಠಾರಿಯಿಂದ ಕೊಂದ. ತಲೆ ಕಡಿದು ಅಪ್ಪನಿಗೆ ಕಳಿಸಿದ. ಅತ್ತ ಅಪ್ಪ, ಮಗ ಬರುತ್ತಾನೆ ಎಂದು ಸಿಂಹಾಸನ ಸಿಂಗರಿಸಿಕೊಂಡು ದಾರಿ ಕಾಯುತ್ತಿದ್ದ. ಇದು ಕಥೆ. ಕೊಂದವನನ್ನೂ ಸತ್ತವನನ್ನೂ ಅವಳಿ ಮಾಡಿ ಒಂದು ಮಾಡಿದರೆ ಉಳಿಯುವುದೇನು? ಕರ್ಣ ಅರ್ಜುನರು ರಣದಲ್ಲಿ ತಬ್ಬಿಕೊಂಡು ಮನೆಗೆ ಹೋದರು ಎಂದು ಯಾರಾದರೂ ಆಡಿ ತೋರಿಸಿದರೆ ನಾನಂತೂ ಎದ್ದು ಬರುತ್ತೇನೆ.

ಹರ್ಷ: ದೊಡ್ಡಪ್ಪ ಹೇಳುವುದು ಸರಿ. ಅಲ್ಲದೆ ಅಕ್ಕ, ಇದು ಇಟಲಿಯ ಹಾಡಿಗೆ ಟರ್ಕಿ ಮಾತು ಕೂರಿಸಿದ ಹಾಗೆ ಕೇಳಿಸುತ್ತದೆ.

ಚಿತ್ರಾ: ಮೊದಲು ದೊಡ್ಡಪ್ಪನಿಗೆ. ಆ ದಿನ ಸಭೆಯಲ್ಲಿ ಎದುರಿಗೆ ಕುಳಿತಿದ್ದವರು ಯಾರು ಅಂತ ನೋಡಿ. ಇರಾನಿನ ದೊರೆ ರೆಜಾ ಶಾ. ಅವರು ಬರುತ್ತಾರೆ ಅಂತಲೇ ಟರ್ಕಿಯ ಅಧ್ಯಕ್ಷ ಅತಾತುರ್ಕ್ ಈ ಒಪೆರಾ ಬರೆಸಿದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ಇದೇ ರೆಜಾ ಶಾ ಇರಾನಿನ ತೂಸ್ ಊರಿನಲ್ಲಿ, ಶಾಹ್‌ನಾಮೆ ಬರೆದ ಕವಿ ಫಿರ್ದೌಸಿಯ ಹೊಸ ಸಮಾಧಿ ಮಂದಿರವನ್ನು ಉದ್ಘಾಟಿಸಿದರು. ಇರಜನನ್ನು ಕೊಂದದ್ದು ತೂರ್ ಅಂತ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆತಿಥೇಯರಿಗೂ ಗೊತ್ತಿತ್ತು. ನಿಮ್ಮ ಹಿರಿಯನನ್ನು ನಮ್ಮ ಹಿರಿಯ ಕೊಂದ ಅಂತ ಸಾವಿರ ವರ್ಷದಿಂದ ಹೇಳಿಕೊಂಡು ಬಂದ ಕಥೆಯನ್ನೇ ಎತ್ತಿಕೊಂಡು, ಕೊಲ್ಲುವ ಜಾಗವನ್ನು ಬಿಟ್ಟು ಆ ಅತಿಥಿಯ ಮುಂದೆ ಹಾಡುವುದು ಸುಮ್ನೆ ಆಗುವ ಕೆಲಸ ಅಲ್ಲ ದೊಡ್ಡಪ್ಪ. ಬಿಟ್ಟದ್ದು ಏನು ಅಂತ ಅತಿಥಿಗೂ ಗೊತ್ತು, ಮನೆಯವರಿಗೂ ಗೊತ್ತು. ನನಗೆ ಅದೇ ಮನಸ್ಸಿಗೆ ತಟ್ಟಿದ್ದು.

ದೊಡ್ಡಪ್ಪ: ಅದು ರಾಜಕೀಯ ಮಗಳೇ. ಎರಡೂ ದೇಶದವರು ಅರರಾತ್ ಬೆಟ್ಟದ ಗಡಿ ತಕರಾರು ಮುಗಿಸಿ 1932ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಆಮೇಲೆ 1937ರಲ್ಲಿ ಇರಾಕ್, ಅಫ್ಘಾನಿಸ್ತಾನವನ್ನೂ ಸೇರಿಸಿಕೊಂಡು ಸಾದಾಬಾದ್ ಒಪ್ಪಂದ. ನಡುವೆ ಈ ಒಪೆರಾ. ಗಡಿ ಒಪ್ಪಂದಕ್ಕೆ ರಾಗ ಹಾಕಿದ್ದು ಅಂತ ನೇರವಾಗಿ ಹೇಳಬಹುದಲ್ಲವೇ?

ಚಿತ್ರಾ: ಹೇಳಬಹುದು. ನಾನೂ ಒಪ್ಪುತ್ತೇನೆ. ಆದರೆ ಆ ಕಾಲದಲ್ಲಿ ಎಷ್ಟೋ ಒಪ್ಪಂದ ಆದವು, ಅವಕ್ಕೆಲ್ಲ ಹಾಡು ಹುಟ್ಟಲಿಲ್ಲ. ಈ ಒಂದಕ್ಕೆ ಹುಟ್ಟಿತು.

ಸುಧಾ ಚಿಕ್ಕಮ್ಮ: ನನಗೆ ಚಿತ್ರಾ ಹೇಳಿದ್ದೇ ಸರಿ ಅನಿಸುತ್ತದೆ ಭಾವ. ಮನೆಗೆ ಬಂದವರ ಮುಂದೆ ಹಳೇ ಜಗಳ ತೆಗೆಯುತ್ತೀವಾ?

ದೊಡ್ಡಪ್ಪ: ತೆಗೆಯುವುದಿಲ್ಲ. ಆದರೆ ಆ ಜಗಳ ನಡೆದೇ ಇಲ್ಲ ಅಂತ ಹಾಡುವುದೂ ಇಲ್ಲ, ಸುಧಾ.

ಚಿತ್ರಾ: ಹರ್ಷ, ಈಗ ನಿನಗೆ. ಟರ್ಕಿ ಮಾತು ಇಟಲಿಯ ಹಾಡಿಗೆ ಕೂರುವುದೇ ಇಲ್ಲ ಕಣೋ, ತೊಂದರೆ ಇರುವುದೇ ಅಲ್ಲಿ. ಅದು ನಮ್ಮ ಮಾತಿನ ಹಾಗೆ ಪ್ರತ್ಯಯ ಅಂಟಿಸಿಕೊಂಡು ಹೋಗುವ ಭಾಷೆ. ಎವ್ ಅಂದರೆ ಮನೆ, ಎವ್‌ಲೆರ್ ಅಂದರೆ ಮನೆಗಳು, ಎವ್‌ಲೆರ್‌ದೆನ್ ಅಂದರೆ ಮನೆಗಳಿಂದ. ಕ್ರಿಯಾಪದ ನಮ್ಮ ಹಾಗೇ ಕೊನೆಗೆ. ಇಟಲಿಯವರು ‘ತಾಮೊ’ ಅಂತ ಎರಡೇ ಅಕ್ಷರದಲ್ಲಿ ಪ್ರೀತಿ ಹೇಳಿ ಮುಗಿಸುತ್ತಾರೆ. ಟರ್ಕಿಯಲ್ಲಿ ‘ಸೆನಿ ಸೆವಿಯೊರುಮ್’, ಆರು ಅಕ್ಷರ. ಎರಡು ಸ್ವರ ಇರುವ ಕಡೆ ಆರನ್ನು ಎಲ್ಲಿ ತುರುಕುತ್ತೀಯ? ಅನುವಾದ ಮಾಡಿ ಹಾಡಿದರೆ ರಾಗ ಮೇಲಕ್ಕೆ ಏರಿ ನಿಂತಾಗ ಬಾಯಲ್ಲಿ ‘ನಿನ್ನನ್ನು’ ಇರುತ್ತದೆ, ‘ಪ್ರೀತಿಸುತ್ತೇನೆ’ ಬರುವ ಹೊತ್ತಿಗೆ ರಾಗ ಕೆಳಗೆ ಇಳಿದಿರುತ್ತದೆ. ಅದಕ್ಕೇ ಅವರಿಗೆ ತಮ್ಮದೇ ಮಾತಿನಲ್ಲಿ ಹುಟ್ಟಿದ ಒಪೆರಾ ಬೇಕಾಗಿತ್ತು. ತಾಳವೂ ಅಷ್ಟೇ. ಅನತೋಲಿಯಾದ, ಅಂದರೆ ಏಷ್ಯಾ ಕಡೆಯ ಟರ್ಕಿಯ, ಹಳ್ಳಿಗಳಲ್ಲಿ ಒಂಬತ್ತರ ಎಣಿಕೆ ಇದೆ, ಎರಡು ಎರಡು ಎರಡು ಮೂರು. ತಕ ತಕ ತಕ ತಕಿಟ ಅಂತ ತೊಡೆ ತಟ್ಟಿಕೊಂಡು ನೋಡು. ಕೊನೆಯಲ್ಲಿ ಒಂದು ಕುಂಟು ಬರುತ್ತದೆ. ಆ ಎಣಿಕೆಗೆ ಅವರು ಇಟ್ಟ ಹೆಸರೇ ಕುಂಟುವುದು ಅಂತ. ಸಾಯ್ಗುನ್ ಪ್ಯಾರಿಸ್ಸಿನಲ್ಲಿ ಓದಿದರೂ ಈ ಕುಂಟನ್ನು ಬಿಡಲಿಲ್ಲ.

ಹರ್ಷ: ತಟ್ಟಿದೆ. ಹೌದು, ಕುಂಟುತ್ತದೆ.

ದೊಡ್ಡಪ್ಪ: ಇಷ್ಟು ಹಳ್ಳಿ ಪ್ರೀತಿ ಇದ್ದವರು ಅದೇ 1934ರ ನವೆಂಬರಿನಲ್ಲಿ ತಮ್ಮ ಹಳೆಯ ಶಾಸ್ತ್ರೀಯ ಸಂಗೀತವನ್ನು ರೇಡಿಯೊದಿಂದ ಹೊರಗೆ ಹಾಕಿದರಲ್ಲ? ಒಟ್ಟೊಮನ್ ಕಾಲದ ಸಂಗೀತ ಕೇಳಿ ಬೆಳೆದ ಜನ ಒಂದೂವರೆ ವರ್ಷಕ್ಕೂ ಜಾಸ್ತಿ ಅದನ್ನು ರೇಡಿಯೊದಲ್ಲಿ ಕೇಳಲಿಲ್ಲ. ಜೂನ್‌ನಲ್ಲಿ ಒಪೆರಾ, ನವೆಂಬರಿನಲ್ಲಿ ನಿಷೇಧ. ಇದಕ್ಕೆ ಏನು ಹೇಳುತ್ತೀ?

(ಚಿತ್ರಾ ಹತ್ತು ನಿಮಿಷ ಏನೂ ಬರೆಯಲಿಲ್ಲ.)

ಚಿತ್ರಾ: ಅದು ತಪ್ಪು ದೊಡ್ಡಪ್ಪ. ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಒಂದು ಹಾಡು ಬೆಳೆಯಲಿ ಅಂತ ಇನ್ನೊಂದರ ಬಾಯಿ ಮುಚ್ಚಿದರು. ಸಂಗೀತ ಕಲಿತವಳಾಗಿ ಅದನ್ನು ಓದಿದಾಗ ನನಗೂ ಸಂಕಟ ಆಯಿತು. ಆದರೆ ಆ ಆಜ್ಞೆಯ ಭಾರವನ್ನು ಈ ಸಂಗೀತದ ತಲೆ ಮೇಲೆ ಹೊರಿಸಬೇಡಿ. ಸಾಯ್ಗುನ್ ಎರಡು ವರ್ಷದ ಮೇಲೆ ಏನು ಮಾಡಿದರು ನೋಡಿ. 1936ರಲ್ಲಿ ಹಂಗೇರಿಯ ಸಂಗೀತ ರಚನಕಾರ ಬಾರ್ತೊಕ್ ಬಂದಾಗ ಅವರ ಜೊತೆ ದಕ್ಷಿಣ ಟರ್ಕಿಯ ಅದಾನಾ ಕಡೆಯ ಅಲೆಮಾರಿ ಬೀಡುಗಳಿಗೆ ಹೋಗಿ, ದನ ಕುರಿ ಕಾಯುವವರ ಹಾಡು ಧ್ವನಿಮುದ್ರಿಸಿಕೊಂಡು ಬಂದರು. ಅರಮನೆ ಅತಿಥಿಗೆ ಅವಸರದಲ್ಲಿ ಬರೆದ ‘ಓಜ್‌ಸೋಯ್’ ಒಂದನ್ನೇ ನೋಡಿ ಅವರನ್ನು ಅಳೆಯಬೇಡಿ. 1973ರಲ್ಲಿ ಬಂದ ಅವರ ‘ಕೊರೋಲು’ ಒಪೆರಾ ಇದೆಯಲ್ಲ, ಅದರ ಕಥೆ ಗೊತ್ತಾ?

ಸುಧಾ ಚಿಕ್ಕಮ್ಮ: ಹೇಳು.

ಚಿತ್ರಾ: ಬೋಲು ಸೀಮೆಯ ಪಾಳೇಗಾರ. ಅವನ ಲಾಯದ ಮುದುಕನಿಗೆ ಕುದುರೆಯ ಕಣ್ಣು ನೋಡಿಯೇ ಜಾತಿ ಹೇಳುವಷ್ಟು ಅನುಭವ. ಒಳ್ಳೆ ಕುದುರೆ ತಾ ಅಂದರೆ ಅವನು ಮೂಳೆ ಕಾಣುವ ಒಂದು ಬಡಕಲು ಮರಿ ತಂದ. ಇದು ಬೆಳೆದರೆ ಇದರ ಸಮ ಇರುವುದಿಲ್ಲ ಅಂತ ಅವನಿಗೆ ಗೊತ್ತು. ಪಾಳೇಗಾರ ಅವಮಾನ ಆಯಿತು ಅಂತ ಮುದುಕನ ಎರಡೂ ಕಣ್ಣು ಕೀಳಿಸಿ, ಅದೇ ಮರಿಯನ್ನು ಕೊಟ್ಟು ಓಡಿಸಿದ. ಮಗ ಆ ಮರಿಯನ್ನು ಬೆಳಕು ಒಳಗೆ ಬೀಳದ ಲಾಯದಲ್ಲಿ ಕಟ್ಟಿ ಸಾಕಿದ. ಅಪ್ಪನಿಗೆ ಕಾಣುವುದಿಲ್ಲವಲ್ಲ, ಕೈಯಿಂದ ಸವರಿ ಸವರಿ ಈಗ ಸಾಕು, ಹೊರಗೆ ಬಿಡು ಅನ್ನುತ್ತಾನೆ. ಆ ಕುದುರೆ ಹತ್ತಿ ಬೆಟ್ಟ ಸೇರಿದವನೇ ಕೊರೋಲು. ಹೆಸರಿನ ಅರ್ಥವೇ ಕುರುಡನ ಮಗ. ಊರೂರಿನಲ್ಲಿ ಹಾಡುಗಾರರು ಸಾಜ್ ಅನ್ನುವ ತಂತಿವಾದ್ಯ ಮೀಟಿಕೊಂಡು ಹಾಡಿಕೊಂಡು ಬಂದ ಕಥೆ ಇದು. ತೂತಿನ ಕಬ್ಬಿಣ ಬಂತು, ಗಂಡೆದೆ ಕೆಟ್ಟಿತು ಅಂತ ಅವನ ಹೆಸರಿನಲ್ಲಿ ಒಂದು ಹಾಡಿದೆ, ಬಂದೂಕಿನ ಮಾತು ಅದು. ಮೊದಲೇ ಹಾಡಾಗಿದ್ದ ಕಥೆ ದೊಡ್ಡಪ್ಪ. ಒಪೆರಾ ಅದನ್ನು ಎಲ್ಲಿಂದಲೋ ಕದ್ದು ತರಲಿಲ್ಲ.

ಹರ್ಷ: ಅಜರ್‌ಬೈಜಾನಿನಲ್ಲೂ ಈ ಹೆಸರಿನ ಒಪೆರಾ ಇದೆಯಲ್ಲ?

ಚಿತ್ರಾ: ಇದೆ, ಉಜೇಯಿರ್ ಹಾಜಿಬೆಯೊವ್ ಬರೆದದ್ದು, 1937, ಬಾಕು. ಅದು ಅಜರ್‌ಬೈಜಾನಿ ಭಾಷೆ, ಟರ್ಕಿಗೆ ಹತ್ತಿರದ ನೆಂಟ. ಇಂಟರ್‌ನೆಟ್‌ನಲ್ಲಿ ಎರಡನ್ನೂ ಬೆರೆಸಿಬಿಡುತ್ತಾರೆ, ನೋಡಿಕೊಂಡು ಕೇಳು.

ಹರ್ಷ: ಸರಿ, ಕೊರೋಲು ಅವರದ್ದೇ. ಗಿಲ್ಗಮೆಶ್, ಆ ಪ್ರಾಚೀನ ಮೆಸೊಪೊಟೇಮಿಯಾದ ವೀರರಾಜನ ಕಥೆ? ಸಾಯ್ಗುನ್ ಅದನ್ನೂ ಒಪೆರಾ ಮಾಡಿದ್ದಾರೆ, ನೆವಿತ್ ಕೊದಾಲ್ಲಿ ಅನ್ನುವ ಇನ್ನೊಬ್ಬ ಟರ್ಕಿ ಸಂಗೀತಗಾರರೂ ಮಾಡಿದ್ದಾರೆ. ಗಿಲ್ಗಮೆಶ್ ಆಳಿದ ಊರುಕ್ ಇರುವುದು ಇರಾಕಿನಲ್ಲಿ. ಟರ್ಕಿಗೂ ಅದಕ್ಕೂ ಏನು ಸಂಬಂಧ?

ಚಿತ್ರಾ: ಅಂಕಾರಾದಿಂದ ಪೂರ್ವಕ್ಕೆ ಕಾರಿನಲ್ಲಿ ಮೂರು ಗಂಟೆಯೊಳಗೆ ಬೊಗಾಜ್‌ಕೊಯ್ ಸಿಗುತ್ತದೆ, ಆ ನೆಲವನ್ನು ಹಿಂದೆ ಆಳಿದ ಹಿಟ್ಟೈಟರ ರಾಜಧಾನಿ ಹತ್ತುಸಾ ಇದ್ದ ಜಾಗ. ಅಲ್ಲಿ ಅಗೆದಾಗ ಗಿಲ್ಗಮೆಶ್ ಕಥೆಯ ಮಣ್ಣಿನ ಹಲಗೆಗಳ ಚೂರುಗಳು ಸಿಕ್ಕಿವೆ. ಮೆಸೊಪೊಟೇಮಿಯಾದ ಹಳೆಯ ಭಾಷೆ ಅಕ್ಕಾಡಿಯನ್‌ನಲ್ಲಿ ಮಾತ್ರ ಅಂದುಕೊಳ್ಳಬೇಡ, ಹಿಟ್ಟೈಟ್ ಮತ್ತು ಹುರ್ರಿಯನ್ ಭಾಷೆಗೆ ಅನುವಾದ ಮಾಡಿಕೊಂಡದ್ದೂ ಇದೆ. ಮೂರು ಸಾವಿರ ವರ್ಷದ ಹಿಂದೆಯೇ ಆ ನೆಲದವರು ಬೇರೆ ಊರಿನ ಕಥೆಯನ್ನು ತಮ್ಮ ಮಾತಿಗೆ ತಂದುಕೊಂಡಿದ್ದರು. ಸಾಯ್ಗುನ್ ಮಾಡಿದ್ದೂ ಅದೇ ಕೆಲಸ.

ಹರ್ಷ: ಇದು ಗೊತ್ತಿರಲಿಲ್ಲ.

ದೊಡ್ಡಪ್ಪ: ಗಿಲ್ಗಮೆಶ್ ಸರಿ. ಕುರುಡನ ಮಗ ಇನ್ನೂ ಸರಿ. ಆದರೆ ಇರಜ್ ವಿಷಯದಲ್ಲಿ ನಾನು ಸೋಲುವುದಿಲ್ಲ. ನೀನು ಕೊನೆ ಓದಿಲ್ಲ ಅಂತ ಕಾಣುತ್ತದೆ, ಹೇಳುತ್ತೇನೆ. ಇರಜನ ವಂಶದಲ್ಲಿ ಮನೂಚೆಹ್ರ್ ಹುಟ್ಟಿದ. ಫೆರಿದೂನನೇ ಅವನನ್ನು ಸಾಕಿ ಬೆಳೆಸಿದ. ಅವನು ಹೋಗಿ ತೂರನನ್ನು ಕೊಂದು ತಲೆ ಕಳಿಸಿದ, ಆಮೇಲೆ ಸಲ್ಮನನ್ನು ಕೊಂದ. ಸೇಡು ತೀರಿತು ಅಂತ ಮುದುಕ ಕುಣಿಯಲಿಲ್ಲ. ಮೂವರು ಮಕ್ಕಳ ತಲೆಯನ್ನೂ ಮುಂದೆ ಇಟ್ಟುಕೊಂಡು ಅಳುತ್ತಾ ಅಳುತ್ತಾ ಪ್ರಾಣ ಬಿಟ್ಟ. ಕೊಂದವರೂ ಅವನ ಮಕ್ಕಳೇ ಅಲ್ವಾ.

ಸುಧಾ ಚಿಕ್ಕಮ್ಮ: ಅಯ್ಯೋ.

ಚಿತ್ರಾ: ಒಪೆರಾ ಮಾಡುವುದಿದ್ದರೆ ಅದನ್ನೇ ಮಾಡಬೇಕಿತ್ತು ಅಂತೀರಾ?

ದೊಡ್ಡಪ್ಪ: ಹೌದು. ಆ ಮುದುಕನ ಅಳುವನ್ನು ಯಾರಾದರೂ ಹಾಡಿದ್ದರೆ, ಯಾವ ಭಾಷೆಯಾದರೂ ಸರಿ, ಹುಡುಕಿ ಕಳಿಸು. ರಾತ್ರಿ ಊಟ ಆದ ಮೇಲೆ ಕೇಳುತ್ತೇನೆ.

ಚಿತ್ರಾ: ಹುಡುಕುತ್ತೇನೆ ದೊಡ್ಡಪ್ಪ. ಅಷ್ಟರಲ್ಲಿ ‘ಓಜ್‌ಸೋಯ್’ ಇನ್ನೊಂದು ಸಲ ಕೇಳಿ, ಆ ಅಳು ಮನಸ್ಸಿನಲ್ಲಿ ಇಟ್ಟುಕೊಂಡೇ ಕೇಳಿ.