ಓದುಗರ ಸ್ಪಂದನ: ‘ಈ ವಯಸ್ಸಿನಲ್ಲಿ ಇದು ಹುಚ್ಚಾ?’

ಕಳೆದ ಸಂಚಿಕೆಯಲ್ಲಿ ದಾವಣಗೆರೆ ಮೂಲದ ಓದುಗರೊಬ್ಬರು ತಮ್ಮ ಗೊಂದಲ ಹೇಳಿಕೊಂಡಿದ್ದರು. ವಯಸ್ಸು 37. ಬೆಂಗಳೂರಿನ ಟಿ.ವಿ. ವಾಹಿನಿಯೊಂದರಲ್ಲಿ 13 ವರ್ಷದಿಂದ ಪ್ರೊಡ್ಯೂಸರ್. ಕೆಲಸ ಬಿಟ್ಟು ಊರಿಗೆ ಬಂದು ಕಾಲೇಜಿನಲ್ಲಿ ಪಾಠ ಮಾಡಬೇಕು, ಹದಿಹರೆಯದವರು ಮೊಬೈಲಿನಲ್ಲಿ ಕಥೆ ಹೇಳುವ ಬಗೆಯ ಮೇಲೆ ಪಿಎಚ್‌.ಡಿ. ಮಾಡಬೇಕು ಅನ್ನುವ ಆಸೆ. ಸಂಬಳ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ. ಯಾಕೆ ಅನ್ನುವುದು ಓದಿದರೆ ಗೊತ್ತಾಗುತ್ತದೆ.

ನಿಮ್ಮ ಪತ್ರ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಜಾಸ್ತಿಯಾಯಿತು. ಒಂದು ರಾತ್ರಿ ಬರಲಿಲ್ಲ.

ನಾನೂ 11 ವರ್ಷ ಎಡಿಟಿಂಗ್ ಟೇಬಲ್ ಮುಂದೆ ಕೂತವನು. ಊರಿಗೆ ಬಂದ ಮೇಲೆ ಒಂದು ಹೈಸ್ಕೂಲಿನಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಮೊಬೈಲಿನಲ್ಲಿ ವಿಡಿಯೊ ಮಾಡುವುದನ್ನು ಹೇಳಿಕೊಡುತ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಅವರಪ್ಪನನ್ನು ಶೂಟ್ ಮಾಡಿಕೊಂಡು ಬಂದ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ನಾಲ್ಕು ನಿಮಿಷದ ವಿಡಿಯೊ, ಮುಕ್ಕಾಲು ಪಾಲು ಬರೀ ಅಪ್ಪನ ಕೈ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ. ಜರಡಿಯಿಂದ ಮರಳು ಇಳಿಯುತ್ತದೆ. ನಡುವೆ ಒಂದು ಕೆಮ್ಮು. ಆಮೇಲೆ, ‘ಸಾಕು ಬಿಡಲೇ, ಮನೀಗೆ ಹೋಗು.’

ನನ್ನ ಕೈ ಸುಮ್ಮನಿರಲಿಲ್ಲ. 50 ಸೆಕೆಂಡಿಗೆ ಇಳಿಸಿದೆ. ಆ ಒಂದು ಕೆಮ್ಮನ್ನೇ ಮೂರು ಸಲ ಹಾಕಿದೆ. ಹಿಂದೆ ಪಿಟೀಲು. ಮೇಲೆ ‘ಬೆಂದ ಬದುಕು’ ಅಂತ ಹೆಸರು ಬೇರೆ! ನೋಡಿದವರು ಕಣ್ಣೊರೆಸಿಕೊಂಡರು, ವಾಟ್ಸ್‌ಆ್ಯಪಿನಲ್ಲಿ ಓಡಾಡಿತು. ಶಾಲೆಯಲ್ಲಿ ಹುಡುಗನಿಗೆ ‘ಕೆಮ್ಮು’ ಅಂತ ಅಡ್ಡಹೆಸರು ಬಿತ್ತು. ಅವನು ಬಂದು ಕೇಳಿದ್ದು ಇಷ್ಟೇ: ‘ಸಾರ್, ಅಪ್ಪ ಕೊನೇಲಿ ನಕ್ಕಿದ್ದ. ಅದೆಲ್ಲಿ ಹೋತು?’ ಆ ನಗು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮೂಲ ವಿಡಿಯೊ ಅವನ ಮೊಬೈಲಿನಲ್ಲಿ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಮುಂದಿನ ಶನಿವಾರದಿಂದ ಅವನು ಬರಲಿಲ್ಲ.

1967ರಲ್ಲಿ ಕೆನಡಾದ ಫೋಗೊ ದ್ವೀಪದಲ್ಲಿ ಮೀನುಗಾರರನ್ನು ಚಿತ್ರೀಕರಿಸಿದವರು, ತೆಗೆದದ್ದನ್ನು ಮೊದಲು ಆ ಜನಕ್ಕೇ ತೋರಿಸುತ್ತಿದ್ದರಂತೆ. ಬೇಡ ಅಂದದ್ದನ್ನು ತೆಗೆದುಹಾಕುತ್ತಿದ್ದರಂತೆ. ಇದನ್ನು ನಾನು ಓದಿದ್ದು ಆಮೇಲೆ. ನೀವು ಸಂಬಳದ ಮಾತು ಕೇಳಿದ್ದೀರಿ, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಮಕ್ಕಳ ಹತ್ತಿರ ಹೋಗುವಾಗ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ತಾಯಿ.
— ಪಿ.ಜೆ. ಬಡಾವಣೆ, ದಾವಣಗೆರೆ

ಎಲ್ಲರೂ ಇಷ್ಟು ಮೆತ್ತಗೆ ಬರೆದಿಲ್ಲ.

ನಿಮ್ಮ ಪತ್ರದಲ್ಲಿ ಸಂಬಳ ನಾಲ್ಕು ಸಲ ಬಂದಿದೆ. ವಿದ್ಯಾರ್ಥಿಗಳು ಒಂದು ಸಲ. ಅಲ್ಲೇ ಇರಿ.
— ನಿವೃತ್ತ ಮೇಷ್ಟ್ರು, ಹರಿಹರ

ಮೇಷ್ಟ್ರ ಎಣಿಕೆ ಸರಿಯಿದೆ, ನಾವೂ ಎಣಿಸಿದೆವು. ಆದರೆ ಮನೆ ನಡೆಸುವವರು ಸಂಬಳ ಲೆಕ್ಕ ಹಾಕುವುದು ತಪ್ಪಲ್ಲ ಅಲ್ವಾ?

ಅಕ್ಕಾ, ಅತಿಥಿ ಉಪನ್ಯಾಸಕಿಯಾಗಿ ಏಳನೇ ವರ್ಷ ನನಗೆ. ಕನಸು ಆಮೇಲೆ, ಮೊದಲು ಕಾಗದ ಪತ್ರ ನೋಡಿಕೊಳ್ಳಿ. ಕಾಯಂ ಹುದ್ದೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಬೇಕು, ಅಂದರೆ ಕಾಲೇಜಿನಲ್ಲಿ ಪಾಠ ಮಾಡಲು ದೇಶದ ಅಥವಾ ರಾಜ್ಯದ ಮಟ್ಟದ ಅರ್ಹತಾ ಪರೀಕ್ಷೆ. ನೆಟ್‌ಗೆ ವಯಸ್ಸಿನ ಮಿತಿ ಇಲ್ಲ. ಸಂಶೋಧನೆಗೆ ತಿಂಗಳು ತಿಂಗಳು ದುಡ್ಡು ಕೊಡುವ ಫೆಲೋಶಿಪ್‌ಗೆ ಇದೆ: 30, ಹೆಣ್ಣುಮಕ್ಕಳಿಗೆ 35. ಅಂದರೆ ನಿಮಗೆ ಆ ದುಡ್ಡು ಸಿಗಲ್ಲ. ನೆಟ್ ಪರೀಕ್ಷೆಯಲ್ಲಿ 150 ಪ್ರಶ್ನೆ, 3 ಗಂಟೆ, ತಪ್ಪು ಬರೆದರೆ ಅಂಕ ಕಳೆಯಲ್ಲ. ಬಿಡದೆ ಎಲ್ಲಾ ಬರೆಯಿರಿ. ಕೆಲಸದ ಅನುಭವ ನೋಡಿ ಪಾಠಕ್ಕೆ ತೆಗೆದುಕೊಳ್ಳುವ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಒಂದು ದಾರಿ ಇದೆ, ಅದಕ್ಕೆ 15 ವರ್ಷದ ಅನುಭವ ಕೇಳುತ್ತಾರೆ. ನಿಮ್ಮದು ಎರಡು ವರ್ಷ ಕಮ್ಮಿ ಬೀಳುತ್ತದೆ. ಮುಖ್ಯ ಮಾತು ಇದು: ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಪಾರ್ಟ್‌ಟೈಮ್ ಪಿಎಚ್‌.ಡಿ.ಗೆ ಅವಕಾಶ ಇದೆ. ಆಫೀಸಿನಿಂದ ಎನ್‌ಒಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ, ತರಬೇಕು. ಇನ್ನೊಂದು, ನೀವು ಕಥೆ ಕೇಳಹೊರಟವರು 18 ತುಂಬದವರು. ಮಕ್ಕಳು ಹೂಂ ಅಂದರೆ ಸಾಲದು, ಅಪ್ಪ ಅಮ್ಮನ ಸಹಿಯೂ ಬೇಕು. ಹಾಗಂತ ಅಪ್ಪ ಅಮ್ಮ ಸಹಿ ಹಾಕಿದ ಮೇಲೆ ಮಕ್ಕಳನ್ನು ಕೇಳದೆ ಬಿಡಬೇಡಿ.
— ಚಿತ್ರದುರ್ಗ

ಕೆಲಸ ಬಿಡದೆಯೂ ಶುರು ಮಾಡಬಹುದು ಅನ್ನುವ ಈ ಮಾತನ್ನು ಪತ್ರ ಬರೆದವರು ಇನ್ನೊಮ್ಮೆ ಓದಲಿ. ಮುಂದಿನ ಪತ್ರ ಬೇರೆ ದಾರಿ ಹಿಡಿದಿದೆ.

ಕೆಲಸ, ಓದು ಅದೆಲ್ಲ ನನಗೆ ತಿಳಿಯಲ್ಲಮ್ಮ. ನಿಮ್ಮಮ್ಮ ಮೊಣಕಾಲು ನೋವಿಟ್ಟುಕೊಂಡು ಎರಡನೇ ಮಹಡಿ ಹತ್ತುತ್ತಾರೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ಏನು ಮಾಡಿದೆ? ಮೊದಲು ಕೆಳಗಿನ ಮನೆ ನೋಡು. ಊರಿಗೆ ಬರೋದು ಬಿಡೋದು ಆಮೇಲೆ.
— ನಿಟ್ಟುವಳ್ಳಿ, ದಾವಣಗೆರೆ

ಕೊನೆಯದು ನೋಟ್‌ಬುಕ್ ಹಾಳೆಯಲ್ಲಿ, ಹಸಿರು ಇಂಕಿನಲ್ಲಿ ಬಂದಿದೆ. ಮೊದಲೇ ಹಾಕಬೇಕಿತ್ತೇನೋ.

ಮೇಡಂ, ನಾನು ಬಿ.ಎ. ಕೊನೆಯ ವರ್ಷ, ಪತ್ರಿಕೋದ್ಯಮ. ನಮ್ಮ ಕಾಲೇಜಿನಲ್ಲಿ ಒಂದು ಕ್ಯಾಮೆರಾ ಇದೆ. ಮೂರು ವರ್ಷದಲ್ಲಿ ಒಂದೇ ಸಲ ಬೀರುವಿನಿಂದ ಹೊರಗೆ ಬಂತು, ಪ್ರಿನ್ಸಿಪಾಲರ ಬೀಳ್ಕೊಡುಗೆಗೆ. ಆವತ್ತೂ ಬ್ಯಾಟರಿ ಇರಲಿಲ್ಲ. ನೀವು ಯಾವಾಗ ಬರ್ತೀರಿ?
— ಹೊಳಲ್ಕೆರೆ