ಸಿಟ್ಟು ಬಂದಾಗ ಎದ್ದು ಹೋದರೂ ಯಾಕೆ ಇಳಿಯಲ್ಲ?

ಪ್ರಶ್ನೆ:
ಹತ್ತರವರೆಗೆ ಎಣಿಸಿ, ಜಾಗ ಬಿಟ್ಟು ಎದ್ದು ಹೋಗಿ ಅಂತಾರೆ. ಐದು ನಿಮಿಷ ಬಿಟ್ಟು ವಾಪಸ್ ಬಂದರೆ ಅದೇ ಜಗಳ ಇನ್ನೂ ಜೋರಾಗಿ ಶುರುವಾಗುತ್ತೆ. ಎಲ್ಲಿ ತಪ್ಪುತ್ತಿದೆ? ದಿಂಬಿಗೆ ಗುದ್ದಿದರೆ ಹಗುರಾಗುತ್ತೆ ಅನ್ನೋದು ನಿಜವೇ? ಯಾವ ಹಂತದಲ್ಲಿ ಡಾಕ್ಟರ್ ಹತ್ತಿರ ಹೋಗಬೇಕು?

ಉತ್ತರ 1:
ಐದು ನಿಮಿಷ ಸಾಲದು. ಸಿಟ್ಟು ನೆತ್ತಿಗೇರಿದಾಗ ಅಡ್ರಿನಾಲಿನ್ ಅನ್ನೋ ಹಾರ್ಮೋನ್ ಏರಿ ಎದೆ ಬಡಿತ ಜೋರಾಗಿರುತ್ತೆ. ದಂಪತಿಗಳ ಜಗಳವನ್ನೇ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳೋದು ಕನಿಷ್ಠ 20 ನಿಮಿಷ ಬಿಡುವು. ನಾಡಿ ನಿಮಿಷಕ್ಕೆ 100 ದಾಟಿದ್ದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲ್ಲ.

ಆದರೆ ಆ 20 ನಿಮಿಷ "ಅವನು ಹಾಗಂದ, ನಾನು ಹೀಗನ್ನಬೇಕಿತ್ತು" ಅಂತ ಮೆಲುಕು ಹಾಕುತ್ತಾ ಕೂತರೆ ಎರಡು ಗಂಟೆಯಾದರೂ ಇಳಿಯಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು, ಐದು ನಿಮಿಷ. ದೊಡ್ಡ ಉಸಿರನ್ನು ಬೇಗ ಬೇಗ ಎಳೆದರೆ ತಲೆ ಸುತ್ತುತ್ತೆ, ಉಪಯೋಗವಿಲ್ಲ. ಆಮೇಲೆ ಗಮನ ಬೇಡುವ ಬೇರೆ ಕೆಲಸ ಹಿಡಿಯಿರಿ.

ಹೋಗುವಾಗ ಹೇಳಿ ಹೋಗಿ: "ನನಗೀಗ ಸಿಟ್ಟು ಬಂದಿದೆ, ಅರ್ಧ ಗಂಟೆ ಬಿಟ್ಟು ಮಾತಾಡೋಣ." ಹೇಳಿದ ಹೊತ್ತಿಗೆ ಬರಲೇಬೇಕು. ಮಾತಿಲ್ಲದೆ ಬಾಗಿಲು ಬಡಿದು ಹೋದರೆ ಅದೂ ಒಂದು ಏಟೇ.

ಉತ್ತರ 2:
ದಿಂಬಿಗೆ ಗುದ್ದೋದು ಬೇಡ. 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2024ರ ವಿಶ್ಲೇಷಣೆಯಲ್ಲಿ ಸಿಟ್ಟು ಇಳಿಸಿದ್ದು ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವಂಥ ಮೈ ತಣಿಸುವ ಅಭ್ಯಾಸಗಳು. ಗುದ್ದೋದು, ಓಡೋದು ಎದೆ ಬಡಿತವನ್ನು ಏರಿಸುತ್ತವೆ. ಓಟ ಆರೋಗ್ಯಕ್ಕೆ ಒಳ್ಳೆಯದೇ, ಆದರೆ ಸಿಟ್ಟಿಗೆ ಮದ್ದಾಗಲಿಲ್ಲ.

ಉತ್ತರ 3:
ನನ್ನ ಪ್ರಕಾರ ಅಸಲಿ ಕೆಲಸ ಸಿಟ್ಟು ಬರೋ ಮೊದಲೇ ಇದೆ. ಎರಡು ವಾರ ಬರೆದಿಡಿ: ಹೊತ್ತು, ಏನಾಯ್ತು, ಮೈಯಲ್ಲಿ ಏನಾಯ್ತು, ತಲೆಗೆ ಬಂದ ಮೊದಲ ಮಾತು, ಸಿಟ್ಟಿಗೆ ಹತ್ತಕ್ಕೆ ಎಷ್ಟು ಅಂಕ. ಮೆಸೇಜ್ ನೋಡಿಯೂ ಉತ್ತರ ಬರಲಿಲ್ಲ ಅನ್ನಿ. ಕಂಡದ್ದು ಅಷ್ಟೇ. "ಬೇಕಂತಲೇ ಮಾಡ್ತಿದ್ದಾರೆ" ಅನ್ನೋದು ನಾವು ಸೇರಿಸಿದ್ದು, ಮೂರಿದ್ದ ಸಿಟ್ಟು ಏಳಕ್ಕೆ ಜಿಗಿಯೋದು ಆ ಒಂದು ಪದದಿಂದ. ನಿದ್ದೆಗೆಟ್ಟ ದಿನ, ಹಸಿದ ಹೊತ್ತು, ಕುಡಿದ ಸಂಜೆ ಸಾಲಾಗಿ ಕಾಣಿಸಬಹುದು.

ಪ್ರಶ್ನೆ ಕೇಳಿದವರು:
ಮೂರು, ನಾಲ್ಕು ಇರುವಾಗ ಗೊತ್ತೇ ಆಗಲ್ಲವಲ್ಲ?

ಉತ್ತರ 3:
ದವಡೆ, ಭುಜ, ಅಂಗೈ ನೋಡಿಕೊಳ್ಳಿ. ಹಲ್ಲು ಕಚ್ಚಿದ್ದರೆ, ದನಿ ಏರಿದ್ದರೆ ಆಗಲೇ ನಾಲ್ಕು. ಎದ್ದು ಹೋಗಬೇಕಾದ್ದು ಆಗ. ಎಂಟಕ್ಕೇರಿದ ಮೇಲೆ ಎಣಿಸೋಕೂ ಆಗಲ್ಲ.

ಉತ್ತರ 1:
ಡಾಕ್ಟರ್ ವಿಷಯ. ವಾರಕ್ಕೆ ಎರಡು ಸಲದಂತೆ ಮೂರು ತಿಂಗಳು ಕೂಗಾಟ ನಡೆದಿದ್ದರೆ, ಅಥವಾ ವರ್ಷದಲ್ಲಿ ಮೂರು ಸಲ ವಸ್ತು ಒಡೆದಿದ್ದರೆ ಇಲ್ಲವೇ ಯಾರಿಗಾದರೂ ಗಾಯ ಮಾಡಿದ್ದರೆ ಮನೋವೈದ್ಯರು ಅದನ್ನು ಕಾಯಿಲೆಯ ಲಕ್ಷಣವಾಗಿ ಪರಿಶೀಲಿಸುತ್ತಾರೆ. ಹೊಸದಾಗಿ ಶುರುವಾದ ಸಿಡುಕಿಗೆ ಥೈರಾಯ್ಡ್ ಹೆಚ್ಚಾಗಿರೋದು, ಖಿನ್ನತೆ, ಸ್ಟೀರಾಯ್ಡ್ ಮಾತ್ರೆಗಳೂ ಕಾರಣವಿರಬಹುದು. ಯಾರ ಮೇಲಾದರೂ ಕೈ ಎತ್ತುವ ಹಂತ ಬಂದಿದ್ದರೆ ಈ ಲೆಕ್ಕವೆಲ್ಲ ಬೇಡ, ಈ ವಾರವೇ ಹೋಗಿ. ಅಲ್ಲಿಯವರೆಗೆ ಮನೆಯವರು ಬೇರೆ ಕಡೆ ಇರುವುದು ಕ್ಷೇಮ ಅನ್ನಿಸಿದರೆ ತಡೆಯಬೇಡಿ.